ತೋಟದ ಮನೆಯ ಹಳೆಯ ಕನ್ನಡಿ ಮೇಜು: ಎಲ್ಲಿಯದು, ಯಾವ ಕಾಲದ್ದು, ಎಷ್ಟು ಬೆಲೆ ಬಾಳುತ್ತದೆ?

ಮಲೆನಾಡ ಮನೆ:
ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ಕಡೆಯ ನಮ್ಮ ತೋಟದ ಮನೆಯಲ್ಲಿರುವ ಡ್ರೆಸ್ಸಿಂಗ್ ಟೇಬಲ್ ಒಂದರ ಮೂಲ, ಕಾಲ ಮತ್ತು ಬೆಲೆಯನ್ನು ತಿಳಿದುಕೊಳ್ಳಬೇಕಾಗಿದೆ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಪಕ್ಕದ ಎಸ್ಟೇಟಿನ ದೊರೆ ಊರು ಬಿಟ್ಟು ಹೊರಟಾಗ ನಮ್ಮ ಅಜ್ಜ ಬಂಗಲೆಯ ಇತರ ಸಾಮಾನುಗಳ ಜೊತೆಗೆ ಇದನ್ನೂ ಕೊಂಡರಂತೆ. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಲಂಡನ್ನಿನಿಂದ ಹಡಗಿನಲ್ಲಿ ಬಂದದ್ದು ಎಂಬ ಮಾತು ಮನೆಯಲ್ಲಿ ಎಲ್ಲರ ಬಾಯಲ್ಲೂ ಇದೆ. ಅದಕ್ಕೆ ಆಧಾರವಾಗಿ ಕಾಗದಪತ್ರ ಯಾವುದೂ ಇಲ್ಲ.

ಅಗಲ ಸುಮಾರು 4 ಅಡಿ, ಕನ್ನಡಿಯೂ ಸೇರಿ ಎತ್ತರ ಸುಮಾರು 6 ಅಡಿ. ಕೆಳಗೆ ಮೂರು ಉದ್ದನೆಯ ಡ್ರಾಯರ್‌ಗಳಿವೆ. ಮೇಲೆ ಕನ್ನಡಿಯ ಎರಡೂ ಬದಿಗೆ ಒಡವೆ ಇಡುವಂಥ ಪುಟ್ಟ ಡ್ರಾಯರ್‌ಗಳಿವೆ. ಕಡೆದ ಎರಡು ಕಂಬಗಳ ನಡುವೆ ಕನ್ನಡಿಯನ್ನು ಹಿಂದಕ್ಕೂ ಮುಂದಕ್ಕೂ ವಾಲಿಸಬಹುದು. ಮರ ಕಪ್ಪು ಮಿಶ್ರಿತ ಕಂದು; ನಾಲ್ವರು ಗಂಡಸರಿಲ್ಲದೆ ಅದು ಕದಲುವುದಿಲ್ಲ. ಹಿತ್ತಾಳೆಯ ಹಿಡಿಗಳಲ್ಲಿ ಬಳ್ಳಿಯಂಥ ತಿರುವುಗಳಿವೆ, ಬೀಗದ ಕಿಂಡಿಗಳ ಸುತ್ತ ಬಿಳಿಯ ವಸ್ತುವೊಂದನ್ನು ಕೂರಿಸಿದ್ದಾರೆ. ಬೆಂಗಳೂರಿನ ವ್ಯಾಪಾರಿಯೊಬ್ಬರು 25,000 ರೂಪಾಯಿ ಕೊಡುವುದಾಗಿ ಹೇಳಿದ್ದಾರೆ. ನ್ಯೂಜೆರ್ಸಿಯಲ್ಲಿರುವ ನನ್ನ ತಮ್ಮ ಮಾರುವುದೇ ಬೇಡ, ತನಗೇ ಕಳಿಸಿ ಎನ್ನುತ್ತಿದ್ದಾನೆ. ಎರಡರಲ್ಲಿ ಯಾವುದನ್ನು ಮಾಡುವುದಕ್ಕೂ ಮೊದಲು ವಸ್ತು ಏನೆಂಬುದು ಖಚಿತವಾಗಬೇಕು ಎಂದು ಇಲ್ಲಿ ಕೇಳುತ್ತಿದ್ದೇನೆ.

ದಂಡು ಪ್ರದೇಶ:
ಡ್ರಾಯರ್‌ನ ಮೂಲೆಯನ್ನು ಒಮ್ಮೆ ನೋಡಿ. ಹಲಗೆಗಳನ್ನು ಕೂಡಿಸಿರುವ ಡವ್‌ಟೇಲ್ ಹಲ್ಲುಗಳು, ಅಂದರೆ ಪಾರಿವಾಳದ ಬಾಲದ ಆಕಾರದವು, ಒಂದೊಂದೂ ಒಂದೊಂದು ಅಳತೆಯಲ್ಲಿದ್ದರೆ ಅದು ಕೈಕೆಲಸ. ಕೈಯಲ್ಲಿ ಕೊಯ್ದ ಹಲ್ಲುಗಳು ಎಂದರೆ ಯಂತ್ರಗಳು ಬರುವ ಮುಂಚಿನ ಕಾಲ, ಅಂದರೆ 1880ಕ್ಕಿಂತ ಹಿಂದಿನದು. ಆ ಲೆಕ್ಕದಲ್ಲಿ ಮನೆಯವರ ಮಾತು ಸರಿಯಾಗಿಯೇ ಇರಬಹುದು. ವಿಕ್ಟೋರಿಯನ್ ಎಂದು ಖಚಿತವಾದರೆ 25,000ಕ್ಕೆ ಕೊಡುವುದು ದಾನ ಮಾಡಿದಂತೆಯೇ ಸರಿ.

ಉಳಿ ಮತ್ತು ಹತ್ತರಿ:
ನಾನು ಐಟಿಐ ಒಂದರಲ್ಲಿ ಮರಗೆಲಸ ಕಲಿಸಿ ನಿವೃತ್ತನಾದವನು. ಮೇಲಿನ ಸೂತ್ರ ಇಂಗ್ಲೆಂಡ್, ಅಮೆರಿಕಗಳ ಕಾರ್ಖಾನೆ ಕೆಲಸಕ್ಕೆ ಹೆಚ್ಚುಕಡಿಮೆ ಒಪ್ಪುತ್ತದೆ. ನಮ್ಮ ನಾಡಿನ ಪೀಠೋಪಕರಣಕ್ಕೆ ಅದನ್ನು ಹಾಗೆಯೇ ಹಚ್ಚಿದರೆ ಅರ್ಧ ಶತಮಾನದಷ್ಟು ಲೆಕ್ಕ ತಪ್ಪುತ್ತದೆ. ಅಲ್ಲಿನ ಕಾರ್ಖಾನೆಗಳಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಯಂತ್ರ ಕೊಯ್ದ ಒಂದೇ ಅಳತೆಯ ಹಲ್ಲುಗಳು ಸಾಮಾನ್ಯವಾದವು ನಿಜ. ಆದರೆ ಕೂಲಿ ಅಗ್ಗವಾಗಿದ್ದ, ವಿದ್ಯುತ್ತು ತಲುಪಿರದ ನಮ್ಮ ಊರುಗಳಲ್ಲಿ ಆಚಾರಿಗಳು ಸ್ವಾತಂತ್ರ್ಯ ಬಂದ ಮೇಲೂ ಗರಗಸ, ಉಳಿಗಳಲ್ಲೇ ಈ ಕೂಡನ್ನು ಕೊಯ್ಯುತ್ತಿದ್ದರು. ಕೊಯ್ತದ ಗುರುತುಗಳ ವಿಷಯವೂ ಇದೇ. ಹಲಗೆಯ ಮೇಲೆ ಕಮಾನಿನಂತೆ ಬಾಗಿದ ಗೀರುಗಳಿದ್ದರೆ ಚಕ್ರಗರಗಸ, ನೇರವಾಗಿ ಒಂದಕ್ಕೊಂದು ಸರಿಹೊಂದದ ಗೀರುಗಳಿದ್ದರೆ ಕೈಗರಗಸ ಎಂಬುದು ಎಲ್ಲ ಕಡೆಗೂ ನಿಜ. ನೇರ ಗೀರು ಇದ್ದರೆ 1850ಕ್ಕಿಂತ ಹಳೆಯದು ಎಂಬುದು ಮಾತ್ರ ಮಲೆನಾಡಿಗೆ ನಿಜವಲ್ಲ. ದಿಮ್ಮಿಯನ್ನು ಅಟ್ಟಣೆಗೆ ಏರಿಸಿ ಮೇಲೊಬ್ಬ ಕೆಳಗೊಬ್ಬ ನಿಂತು ಕೊಯ್ಯುವ ಪದ್ಧತಿ ಇಲ್ಲಿ ಇಪ್ಪತ್ತನೆಯ ಶತಮಾನದಲ್ಲೂ ಬಹಳ ಕಾಲ ಉಳಿದಿತ್ತು.

ಆದ್ದರಿಂದ ಮರಗೆಲಸದ ರೀತಿಯಿಂದ ಮೂಲವನ್ನು ಊಹಿಸಬಹುದೇ ಹೊರತು ಕಾಲವನ್ನು ಹೇಳಲಾಗದು. ಕಾಲವನ್ನು ಹೇಳುವುದು ಲೋಹ ಮತ್ತು ಗಾಜು. ಏಕೆಂದರೆ ಅವು ಕಾರ್ಖಾನೆಯಿಂದ ಬಂದವು, ಕಾರ್ಖಾನೆಗಳಿಗೆ ತಾರೀಖುಗಳಿವೆ. ಒಂದು ವಸ್ತು ತನ್ನಲ್ಲಿರುವ ಅತ್ಯಂತ ಹೊಸ ಮೂಲಭಾಗಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ಮೂಲಭಾಗ ಎಂಬ ಮಾತಿಗೆ ಒತ್ತು ಕೊಡಿ; ದುರಸ್ತಿಗೆ ಹಾಕಿದ್ದನ್ನು ಬೇರೆಯಾಗಿ ಎಣಿಸಬೇಕು.

ಮಲೆನಾಡ ಮನೆಯವರೆ, ಸಾಧ್ಯವಾದರೆ ಇಷ್ಟು ಮಾಡಿ. ಒಂದು ಉದ್ದನೆಯ ಡ್ರಾಯರ್ ಅನ್ನು ಪೂರ್ತಿ ಹೊರಗೆಳೆದು ಮಗುಚಿ, ತಳದ ಹಲಗೆ ಯಾವ ಮರದ್ದು, ಅದರ ಎಳೆ ಯಾವ ದಿಕ್ಕಿಗೆ ಓಡುತ್ತದೆ ಎಂದು ನೋಡಿ. ಹಿಡಿಯೊಂದನ್ನು ಬಿಚ್ಚಿ ಅದರ ಹಿಂಬದಿಯ ಅಕ್ಷರಗಳನ್ನು ಓದಿ. ಬೀಗದ ತಗಡಿನ ಮೇಲಿನ ಮುದ್ರೆ, ಒಂದೆರಡು ಸ್ಕ್ರೂಗಳ ತುದಿ, ಕನ್ನಡಿಯ ಹಿಂಭಾಗ ಇವುಗಳನ್ನೂ ಗಮನಿಸಿ. ಕನ್ನಡಿಯ ಬೆನ್ನನ್ನು ಮಾತ್ರ ಕೆರೆಯಬೇಡಿ. ಹಳೆಯ ಕನ್ನಡಿಗಳಲ್ಲಿ ತವರದ ಹಾಳೆಯ ಜೊತೆಗೆ ಪಾದರಸ ಇರುತ್ತಿತ್ತು.

ಮಲೆನಾಡ ಮನೆ:
ನಮ್ಮ ಊರಿನ ಆಚಾರಿಯವರನ್ನು ಕರೆಸಿ ನೋಡಿಸಿದೆ. ಮುಂಭಾಗ, ಬದಿಗಳು ಮತ್ತು ಮೇಲ್ಹಲಗೆ ಬೀಟೆ ಮರದ ಇಡೀ ಹಲಗೆಗಳೇ ಹೊರತು ಮೇಲೆ ತೆಳುವಾಗಿ ಅಂಟಿಸಿದ ಹೊದಿಕೆಯಲ್ಲ ಎಂದು ಅವರು ಹೇಳಿದರು. ಡ್ರಾಯರ್‌ಗಳ ಬದಿ ಸಾಗುವಾನಿ. ತಳದ ಹಲಗೆ ಹಳದಿ ಹೋಗಿ ಕಂದಾಗಿದೆ, ಅದು ಹಲಸು ಎಂಬುದು ಅವರ ತೀರ್ಮಾನ. ಡ್ರಾಯರ್‌ಗಳ ಬೆನ್ನಿಗೆ ಪೆನ್ಸಿಲಿನಲ್ಲಿ ೧, ೨, ೩ ಎಂದು ಬರೆದಿದೆ. ಇಷ್ಟು ವರ್ಷ ಆ ಮೇಜಿನ ಮುಂದೆ ತಲೆ ಬಾಚಿಕೊಂಡ ಯಾರೂ ಇದನ್ನು ನೋಡಿರಲಿಲ್ಲ.

ಹಿಡಿಯ ಹಿಂದೆ ಇಂಗ್ಲಿಷಿನಲ್ಲಿ ‘ಆರ್‌ಡಿ ನಂಬರ್’ ಎಂದಿದ್ದು, ಮುಂದೆ 52ರಿಂದ ಆರಂಭವಾಗುವ ಆರು ಅಂಕಿಗಳಿವೆ, ಕೊನೆಯವು ಸವೆದಿವೆ. ಬೀಗದ ಮೇಲೆ ‘ಸೆಕ್ಯೂರ್ ಲೀವರ್’ ಎಂದಿದೆ. ಸ್ಕ್ರೂಗಳು ಚೂಪು ತುದಿಯವು. ಆದರೆ ಕನ್ನಡಿಯನ್ನು ಹಿಡಿದಿರುವ ಎಡಗಡೆಯ ಕೊಂಡಿಯಲ್ಲಿ ಎರಡು ಸ್ಟಾರ್ ಸ್ಕ್ರೂಗಳಿವೆ. ಕನ್ನಡಿಯ ಬೆನ್ನಿಗೆ ಇಟ್ಟಿಗೆ ಬಣ್ಣದ ಲೇಪವಿದೆ. ಅಂಚುಗಳಲ್ಲಿ ಕಪ್ಪು ಕಲೆಗಳು ಹಬ್ಬಿವೆ.

ಮಿಡ್‌ಲ್ಯಾಂಡ್ಸ್ ಕನ್ನಡಿಗ:
ನಾನಿರುವುದು ಬರ್ಮಿಂಗ್‌ಹ್ಯಾಮಿನ ಹತ್ತಿರ. ಹಿತ್ತಾಳೆಯ ಹಿಡಿ, ತಿರುಗಣಿ, ಸ್ಕ್ರೂಗಳನ್ನು ಸಾಮ್ರಾಜ್ಯಕ್ಕೆಲ್ಲ ಒದಗಿಸಿದ ಪ್ರದೇಶ ಇದು, ಬೀಗಗಳಿಗೆ ಪಕ್ಕದ ವುಲ್ವರ್‌ಹ್ಯಾಂಪ್ಟನ್ ಮತ್ತು ವಿಲನ್‌ಹಾಲ್ ಹೆಸರುವಾಸಿ. ನಿಮಗೆ ಸಿಕ್ಕಿರುವ ‘ಆರ್‌ಡಿ ನಂಬರ್’, ಅಂದರೆ ವಿನ್ಯಾಸದ ನೋಂದಣಿ ಸಂಖ್ಯೆ, ಎಲ್ಲಕ್ಕಿಂತ ಬಲವಾದ ಸಾಕ್ಷಿ. ಬ್ರಿಟನ್ನಿನಲ್ಲಿ ವಿನ್ಯಾಸಗಳನ್ನು ನೋಂದಾಯಿಸುವಾಗ 1842ರಿಂದ 1883ರವರೆಗೆ ವಜ್ರಾಕೃತಿಯ ಮುದ್ರೆಯನ್ನು ಕೊಡುತ್ತಿದ್ದರು. 1884ರ ಜನವರಿಯಿಂದ 1 ಎಂದು ಆರಂಭಿಸಿ ಸರಣಿ ಸಂಖ್ಯೆಗಳನ್ನು ಕೊಡತೊಡಗಿದರು. 1900ರ ಆರಂಭಕ್ಕೆ ಆ ಸಂಖ್ಯೆ ಸುಮಾರು ಮೂರೂವರೆ ಲಕ್ಷ ತಲುಪಿತ್ತು, 1910ರ ಆರಂಭಕ್ಕೆ ಸುಮಾರು ಐದೂವರೆ ಲಕ್ಷ. ಹಾಗಾಗಿ 5,20,000ದ ಆಸುಪಾಸಿನ ಸಂಖ್ಯೆ 1908ರ ಸುಮಾರಿಗೆ ಬೀಳುತ್ತದೆ. ವಿಕ್ಟೋರಿಯಾ ರಾಣಿ ತೀರಿಕೊಂಡದ್ದು 1901ರಲ್ಲಿ.

ಆದರೆ ಇದು ವಿನ್ಯಾಸ ನೋಂದಣಿಯಾದ ಕಾಲವೇ ಹೊರತು ಈ ಹಿಡಿ ಎರಕಗೊಂಡ ಕಾಲವಲ್ಲ. ಜನಪ್ರಿಯ ವಿನ್ಯಾಸವನ್ನು ವರ್ಷಗಟ್ಟಲೆ ತಯಾರಿಸುತ್ತಿದ್ದರು, ವಸಾಹತುಗಳ ಅಂಗಡಿಗಳಲ್ಲಿ ದಾಸ್ತಾನು ಇನ್ನೂ ಕೆಲವು ವರ್ಷ ಉಳಿಯುತ್ತಿತ್ತು. ಚೂಪು ತುದಿಯ ಸ್ಕ್ರೂ ಇಂಗ್ಲೆಂಡಿನಲ್ಲಿ ಬಳಕೆಗೆ ಬಂದದ್ದು 1850ರ ದಶಕದಲ್ಲಿ, ಬರ್ಮಿಂಗ್‌ಹ್ಯಾಮಿನ ನೆಟಲ್‌ಫೋಲ್ಡ್ ಸಂಸ್ಥೆ ಅಮೆರಿಕದ ಪೇಟೆಂಟನ್ನು ಕೊಂಡ ಮೇಲೆ. ಇಲ್ಲಿ ಅದು ಹೊಸದೇನನ್ನೂ ಹೇಳುವುದಿಲ್ಲ. ಸ್ಟಾರ್ ಸ್ಕ್ರೂ 1930ರ ದಶಕದ್ದು; ಒಂದೇ ಬದಿಯಲ್ಲಿ ಇರುವುದರಿಂದ ಅದು ಖಂಡಿತ ದುರಸ್ತಿ.

ಇನ್ನೊಂದು ವಿಷಯ. ಹಿಡಿಯ ಹಿಂದೆ ಮುಂಭಾಗದ ಹಲಗೆಯಲ್ಲಿ ಬೇರೆ ಹಳೆಯ ರಂಧ್ರಗಳಿವೆಯೇ, ಅಥವಾ ಹಿಡಿಯ ನೆರಳಿನಂಥ ಗುರುತು ಈಗಿನ ಹಿಡಿಯ ಆಕಾರಕ್ಕೇ ಕೂಡುತ್ತದೆಯೇ? ಹಿಡಿಗಳನ್ನು ಆಮೇಲೆ ಬದಲಿಸಿದ್ದರೆ ನನ್ನ ಲೆಕ್ಕವೆಲ್ಲ ಬಿದ್ದುಹೋಗುತ್ತದೆ.

ಮಲೆನಾಡ ಮನೆ:
ಬೇರೆ ರಂಧ್ರಗಳಿಲ್ಲ. ಹಿಡಿಯ ಕೆಳಗಿನ ಮರ ಅದೇ ಬಳ್ಳಿಯ ಆಕಾರದಲ್ಲಿ ತುಸು ತಿಳಿಬಣ್ಣ ಉಳಿಸಿಕೊಂಡಿದೆ.

ಉಳಿ ಮತ್ತು ಹತ್ತರಿ:
ಹಾಗಾದರೆ ಚಿತ್ರ ಸ್ಪಷ್ಟವಾಗುತ್ತಿದೆ. ಪೀಠೋಪಕರಣದ ಊರನ್ನು ತಿಳಿಯಬೇಕಾದರೆ ಎದುರಿಗೆ ಕಾಣುವ ಮರವನ್ನು ನೋಡಬಾರದು, ಒಳಗೆ ಅಡಗಿರುವ ಮರವನ್ನು ನೋಡಬೇಕು. ನಮ್ಮ ಬೀಟೆ ಇಂಗ್ಲೆಂಡಿಗೂ ಹೋಗುತ್ತಿತ್ತು, ಆದ್ದರಿಂದ ಬೀಟೆಯ ಮುಖ ಮಾತ್ರ ಏನನ್ನೂ ಸಾಬೀತುಮಾಡುವುದಿಲ್ಲ. ಆದರೆ ಯಾರಿಗೂ ಕಾಣದ ಡ್ರಾಯರ್ ತಳಕ್ಕೆ ದೂರದ ದುಬಾರಿ ಮರವನ್ನು ಯಾವ ಬಡಗಿಯೂ ಹಾಕುವುದಿಲ್ಲ, ಕೈಗೆ ಸಿಕ್ಕಿದ್ದನ್ನು ಹಾಕುತ್ತಾನೆ. ಲಂಡನ್ನಿನವನಾಗಿದ್ದರೆ ಅಲ್ಲಿ ಪೈನ್ ಅಥವಾ ಓಕ್ ಇರಬೇಕಿತ್ತು; ಹಲಸಿನ ಹಲಗೆ ಅವನ ಕೈಗೆ ಎಲ್ಲಿಂದ ಬರಬೇಕು? ಇಡೀ ಹಲಗೆ ಬಳಸಿರುವುದೂ ಇದನ್ನೇ ಹೇಳುತ್ತದೆ. ಇಂಗ್ಲೆಂಡಿನಲ್ಲಿ ಇಂಥ ಮೇಜನ್ನು ಹೆಚ್ಚಾಗಿ ಅಗ್ಗದ ಮರದ ಮೇಲೆ ಬೆಲೆಯ ಮರದ ತೆಳು ಹೊದಿಕೆ ಅಂಟಿಸಿ ಮಾಡುತ್ತಿದ್ದರು. ಚರ್ಮ, ಮೂಳೆಗಳನ್ನು ಕುದಿಸಿ ಮಾಡಿದ ಆ ಅಂಟು ನಮ್ಮ ಮಳೆಗಾಲದ ತೇವಕ್ಕೆ ಮೆತ್ತಗಾಗಿ ಹೊದಿಕೆ ಏಳುತ್ತದೆ. ಮರವೇ ಹೇರಳವಾಗಿದ್ದ ಕಡೆ ಆ ಕಷ್ಟಕ್ಕೆ ಯಾರೂ ಕೈಹಾಕುತ್ತಿರಲಿಲ್ಲ.

ಪೆನ್ಸಿಲಿನ ಅಂಕಿಗಳು ಇನ್ನೂ ಸೊಗಸಾದ ಸಾಕ್ಷಿ. ಬಡಗಿ ಯಾವ ಡ್ರಾಯರ್ ಯಾವ ಖಾನೆಗೆ ಎಂದು ತನಗಾಗಿ ಹಾಕಿಕೊಳ್ಳುವ ಗುರುತು ಅದು, ಗಿರಾಕಿಗೆ ತೋರಿಸಲು ಬರೆದದ್ದಲ್ಲ. ತೆಲುಗಿನ ಅಂಕಿಗಳೂ ಕನ್ನಡದವನ್ನು ಹೋಲುವುದರಿಂದ ಮದರಾಸಿನ ಕಾರ್ಯಾಗಾರದಲ್ಲಿದ್ದ ತೆಲುಗು ಬಡಗಿಯನ್ನು ಪೂರ್ತಿ ತಳ್ಳಿಹಾಕಲಾಗದು; ಆದರೂ ಹಲಸು, ಬೀಟೆ, ಸಾಗುವಾನಿ ಮೂರೂ ಒಟ್ಟಿಗೆ ಇರುವಾಗ ನನ್ನ ಮನಸ್ಸು ಮೈಸೂರು ಸಂಸ್ಥಾನದ ಕಡೆಗೇ ವಾಲುತ್ತದೆ.

ಕನ್ನಡಿಯ ಬಗ್ಗೆ ಆತಂಕ ಬೇಡ. ಪಾದರಸದ ಕನ್ನಡಿಯ ಬೆನ್ನು ಲೇಪವಿಲ್ಲದೆ ಬೂದುಬಣ್ಣದ ಲೋಹದಂತೆ ಕಾಣುತ್ತದೆ, ಹಾಳಾದಾಗ ಹರಳು ಹರಳಾಗಿ ಮಿನುಗುತ್ತದೆ. ಬೆನ್ನಿಗೆ ಬಣ್ಣ ಬಳಿದಿರುವುದು, ಅಂಚು ಕಪ್ಪಾಗಿರುವುದು ಬೆಳ್ಳಿ ಲೇಪದ ಲಕ್ಷಣ. ಜರ್ಮನಿಯ ರಸಾಯನ ವಿಜ್ಞಾನಿ ಲೀಬಿಗ್ 1835ರಲ್ಲಿ ಕಂಡುಹಿಡಿದ ಆ ವಿಧಾನ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ನಿಧಾನವಾಗಿ ಪಾದರಸವನ್ನು ಹೊರಗೆ ಹಾಕಿತು.

ದಂಡು ಪ್ರದೇಶ:
ಒಪ್ಪುವ ಮಾತು, ಆದರೆ ಒಂದು ಸಂದೇಹ. ಇಂಗ್ಲೆಂಡಿನ ವಿನ್ಯಾಸವನ್ನು ಇಷ್ಟು ಕರಾರುವಾಕ್ಕಾಗಿ ಮಲೆನಾಡಿನ ಬಡಗಿ ಹೇಗೆ ಮಾಡಿದ? ಮದರಾಸು, ಮುಂಬಯಿ, ಕಲ್ಕತ್ತೆಗಳಲ್ಲಿ ಯುರೋಪಿಯನ್ ಮಾದರಿಯ ಪೀಠೋಪಕರಣ ಮಾಡುವ ದೊಡ್ಡ ಕಂಪನಿಗಳೇ ಇದ್ದವು. ಕಲ್ಕತ್ತೆಯ ಲಜಾರಸ್, ಮುಂಬಯಿಯ ವಿಂಬ್ರಿಜ್ ಇವುಗಳ ಹೆಸರನ್ನು ಹಳೆಯ ಸಾಮಾನುಗಳ ಮೇಲೆ ನಾನೇ ನೋಡಿದ್ದೇನೆ. ಅಲ್ಲಿಂದ ತರಿಸಿರಬಾರದೇಕೆ?

ಉಳಿ ಮತ್ತು ಹತ್ತರಿ:
ತರಿಸಿರಬಹುದು, ಆದರೆ ಅಂಥ ಕಂಪನಿಗಳು ತಮ್ಮ ಹೆಸರನ್ನು ಬಚ್ಚಿಡುತ್ತಿರಲಿಲ್ಲ. ಮೇಲಿನ ಡ್ರಾಯರ್‌ನ ಮೇಲಂಚು, ಬೀಗದ ತಗಡು, ಒಳಬದಿಗೆ ಹೊಡೆದ ಪುಟ್ಟ ಫಲಕ, ಬೆನ್ನಿಗೆ ಅಂಟಿಸಿದ ಚೀಟಿ ಇವು ಹೆಸರು ಹುಡುಕಬೇಕಾದ ಜಾಗಗಳು. ಇಂಗ್ಲೆಂಡಿನ ಗಿಲ್ಲೋಸ್ ಸಂಸ್ಥೆ ಡ್ರಾಯರ್‌ನ ಅಂಚಿಗೇ ಮುದ್ರೆ ಒತ್ತುತ್ತಿತ್ತು. ಮಲೆನಾಡ ಮನೆಯವರು ಅದನ್ನೂ ಒಮ್ಮೆ ನೋಡಲಿ.

ವಿನ್ಯಾಸ ಹೇಗೆ ಬಂತು ಎಂಬುದಕ್ಕೆ ಉತ್ತರ ಸುಲಭ. ಲಂಡನ್ನಿನ ಅಂಗಡಿಗಳ ಚಿತ್ರಸಹಿತ ಕ್ಯಾಟಲಾಗುಗಳು ದೊರೆಗಳ ಮನೆಗೆ ಅಂಚೆಯಲ್ಲಿ ಬರುತ್ತಿದ್ದವು. ದೊರೆಸಾನಿ ಚಿತ್ರ ತೋರಿಸುತ್ತಿದ್ದಳು, ಆಚಾರಿ ಮಾಡಿಕೊಡುತ್ತಿದ್ದ. ಕಡೂರಿಗೆ ರೈಲು ಬಂದದ್ದು 1880ರ ದಶಕದ ಕೊನೆಯಲ್ಲಿ. ಅಲ್ಲಿಂದ ತೋಟದವರೆಗೆ ಎತ್ತಿನಗಾಡಿಯೇ ಗತಿ. ಮಂಗಳೂರಿನ ಬಂದರಿನಿಂದ ತರುವುದಾದರೆ ಚಾರ್ಮಾಡಿ ಘಾಟಿ ಹತ್ತಬೇಕು. ನಾಲ್ಕಾಳು ಎತ್ತುವ ಮೇಜನ್ನು ಹಾಗೆ ಸಾಗಿಸುವುದಕ್ಕಿಂತ, ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಕನ್ನಡಿ, ಹಿಡಿ, ಬೀಗಗಳನ್ನಷ್ಟೇ ತರಿಸಿ, ತೋಟದ ಅಂಚಿನಲ್ಲೇ ಬೆಳೆದ ಬೀಟೆಯಲ್ಲಿ ಉಳಿದದ್ದನ್ನು ಮಾಡಿಸುವುದು ಯಾವ ಲೆಕ್ಕದಲ್ಲಿ ನೋಡಿದರೂ ಜಾಣತನ.

ಮಲೆನಾಡ ಮನೆ:
ಹೇಳಿದ ಜಾಗಗಳನ್ನೆಲ್ಲ ಟಾರ್ಚ್ ಹಿಡಿದು ನೋಡಿದೆ. ಯಾವ ಹೆಸರೂ ಇಲ್ಲ.

ಮಟ್ಟಾಂಚೇರಿ ವರ್ತಕ:
ಕೊಚ್ಚಿಯಲ್ಲಿ ಹಳೆಯ ಪೀಠೋಪಕರಣಗಳ ವ್ಯಾಪಾರ ಮಾಡುವ ಕುಂದಾಪುರದವನು ನಾನು. ಮೂಲ, ಕಾಲದ ವಿಷಯದಲ್ಲಿ ಇಲ್ಲಿಯವರೆಗಿನ ತೀರ್ಮಾನ ನನಗೂ ಒಪ್ಪಿಗೆ: ಮಲೆನಾಡು ಅಥವಾ ಮೈಸೂರು ಸೀಮೆಯ ಕೆಲಸ, 1908ಕ್ಕಿಂತ ಮುಂಚಿನದಲ್ಲ, 1925ಕ್ಕಿಂತ ಈಚಿನದಾಗಿರುವ ಸಂಭವ ಕಡಿಮೆ. ಆ ಬಳ್ಳಿಯ ತಿರುವು ಮೊದಲ ಮಹಾಯುದ್ಧದ ನಂತರ ಬೇಗನೆ ಹಳತಾಯಿತು; 1930ರ ದಶಕದಲ್ಲಾದರೆ ದೊಡ್ಡ ದುಂಡು ಕನ್ನಡಿಯನ್ನೋ ಮೂರು ಮಡಿಕೆಯ ಕನ್ನಡಿಯನ್ನೋ ಕೇಳಿ ಮಾಡಿಸುತ್ತಿದ್ದರು.

ಬೆಲೆಯ ವಿಷಯಕ್ಕೆ ಬಂದರೆ, ಒಂದೇ ವಸ್ತುವಿಗೆ ಒಂದೇ ಹೊತ್ತಿನಲ್ಲಿ ಹಲವು ಬೆಲೆಗಳಿರುತ್ತವೆ. ವ್ಯಾಪಾರಿ ನಿಮ್ಮ ಮನೆಯ ಬಾಗಿಲಲ್ಲಿ ಕೊಡುವ ಬೆಲೆ ಬೇರೆ, ಅವನ ಅಂಗಡಿಯಲ್ಲಿ ತೂಗುವ ಚೀಟಿಯ ಬೆಲೆ ಬೇರೆ, ಮತ್ತೆ ಮಾಡಿಸಲು ತಗಲುವ ಖರ್ಚಿನ ಲೆಕ್ಕದಲ್ಲಿ ವಿಮೆಗೆ ಬರೆಸುವ ಬೆಲೆ ಬೇರೆ. ನನ್ನ ಅಂಗಡಿಯಲ್ಲಿ ಇಂಥ ಮೇಜು 70,000ದಿಂದ 80,000 ರೂಪಾಯಿಯ ಚೀಟಿ ಹೊತ್ತು ನಿಲ್ಲುತ್ತದೆ. ಅದಕ್ಕೆ ಮುಂಚೆ ಸಾಗಾಟ, ಕೊಂಡಿಯ ದುರಸ್ತಿ, ಪಾಲಿಶ್, ತಿಂಗಳುಗಟ್ಟಲೆ ಗೋದಾಮಿನ ಬಾಡಿಗೆ ಎಲ್ಲ ನನ್ನ ಮೇಲೆ ಬಿದ್ದಿರುತ್ತವೆ, ಕೊನೆಗೆ ಗಿರಾಕಿ ಚೌಕಾಸಿ ಮಾಡುತ್ತಾನೆ. ಆ ಕಾರಣ 25,000 ಮೋಸದ ಬೆಲೆಯಲ್ಲ, ಮೊದಲ ಬೆಲೆ. 35,000ದವರೆಗೆ ಏರಿಸಿ ಕೇಳಲು ನಿಮಗೆ ಆಧಾರವಿದೆ. ಲಂಡನ್, ವಿಕ್ಟೋರಿಯಾ ಎಂಬ ಮಾತುಗಳಿಂದ ಬೆಲೆ ಏರುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಬ್ರಿಟನ್ನಿನಲ್ಲೇ ಆ ಕಾಲದ ಭಾರಿ ಕಂದು ಪೀಠೋಪಕರಣಗಳ ಬೆಲೆ 2000ದ ನಂತರ ಬಿದ್ದುಹೋಗಿದೆ, ಸಣ್ಣ ಮನೆಗಳಲ್ಲಿ ಅವಕ್ಕೆ ಜಾಗವಿಲ್ಲ. ನಮ್ಮಲ್ಲಿ ಈ ಮೇಜಿಗೆ ಬೆಲೆ ತರುವುದು ಇಡೀ ಬೀಟೆಯ ಹಲಗೆ. ಆ ಮರವನ್ನು ಈಗ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು, ಆ ಅಗಲದ ಹಲಗೆ ದುಡ್ಡು ಕೊಟ್ಟರೂ ಸುಲಭಕ್ಕೆ ಸಿಗುವುದಿಲ್ಲ.

ಒಂದು ಪ್ರಶ್ನೆ ಉಳಿದಿದೆ, ಅದು ಬೆಲೆಗಿಂತ ಮುಖ್ಯ. ಬೀಗದ ಕಿಂಡಿಯ ಸುತ್ತಲಿನ ಆ ಬಿಳಿ ವಸ್ತು ಏನು? ಭೂತಗನ್ನಡಿಯಲ್ಲಿ ನೋಡಿ. ಸಣ್ಣ ಸಣ್ಣ ಕಪ್ಪು ಚುಕ್ಕೆ, ಗೆರೆಗಳು ಕಂಡರೆ ಮೂಳೆ. ಅಡ್ಡ ಕೊಯ್ದ ಮುಖದಲ್ಲಿ ಒಂದನ್ನೊಂದು ಹಾಯುವ ಬಾಗಿದ ಗೆರೆಗಳ ಜಾಲ ಕಂಡರೆ ದಂತ. ಕಾದ ಸೂಜಿ ಚುಚ್ಚುವ ಪರೀಕ್ಷೆ ಮಾಡಬೇಡಿ, ವಸ್ತು ಹಾಳಾಗುತ್ತದೆ.

ಮಲೆನಾಡ ಮನೆ:
ಚುಕ್ಕೆಗಳು ಸ್ಪಷ್ಟವಾಗಿ ಕಾಣುತ್ತವೆ, ಐದೂ ಕಿಂಡಿಗಳಲ್ಲಿ. ಜಾಲದಂಥ ಗೆರೆಗಳಿಲ್ಲ.

ಕಡತ:
ಮೂಳೆ ಎಂದಾದದ್ದು ಒಳ್ಳೆಯದಾಯಿತು. ದಂತವಾಗಿದ್ದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಮಾರಾಟವೇ ಅಪರಾಧವಾಗುತ್ತಿತ್ತು.

ನಾನು ವಕೀಲ, ತಮ್ಮನಿಗೆ ಕಳಿಸುವ ವಿಚಾರವಾಗಿ ಎರಡು ತೊಡಕುಗಳನ್ನು ಹೇಳಬೇಕು. 1972ರಲ್ಲೇ ಬಂದ, 1976ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ, ನೂರು ವರ್ಷಕ್ಕೆ ಕಡಿಮೆಯಿಲ್ಲದಷ್ಟು ಕಾಲದಿಂದ ಇರುವ ಕಲೆ ಅಥವಾ ಕುಶಲಕರ್ಮದ ವಸ್ತು ಪುರಾವಸ್ತುವಿನ ವ್ಯಾಖ್ಯೆಯೊಳಗೆ ಬರಬಹುದು. ಪುರಾವಸ್ತುವನ್ನು ಖಾಸಗಿ ವ್ಯಕ್ತಿ ದೇಶದಿಂದ ಹೊರಗೆ ಕಳಿಸುವಂತಿಲ್ಲ. ವಸ್ತು ಪುರಾವಸ್ತುವಲ್ಲ ಎಂದು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಪ್ರಮಾಣಪತ್ರ ಸಿಕ್ಕರೆ ಮಾತ್ರ ಆ ದಾರಿ ತೆರೆಯುತ್ತದೆ. ಮೇಲಿನ ಹಿರಿಯರು ಕೊಟ್ಟ 1908ರಿಂದ 1925ರ ಅವಧಿ ಸರಿಯಾಗಿ ಆ ನೂರು ವರ್ಷದ ಗೆರೆಯ ಆಚೆ ಬೀಳುತ್ತದೆ. ಮಾರುವಾಗ ನೂರು ವರ್ಷದ್ದು ಎಂದು ಹೆಮ್ಮೆಯಿಂದ ಹೇಳುವ ಅದೇ ಮಾತು ಕಳಿಸುವಾಗ ಅಡ್ಡ ಬರುತ್ತದೆ.

ಎರಡನೆಯದು ಮರ. ಬೀಟೆ ಸೇರಿರುವ ಡಾಲ್ಬರ್ಜಿಯಾ ಕುಲ ಬಹುತೇಕ ಪೂರ್ತಿಯಾಗಿ 2017ರ ಜನವರಿಯಿಂದ ಅಳಿವಿನಂಚಿನ ಪ್ರಭೇದಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ, ಅಂದರೆ ಸೈಟಿಸ್‌ನ ಎರಡನೆಯ ಅನುಬಂಧದಲ್ಲಿದೆ. ಹಳೆಯ ಸಾಮಾನಿಗೂ ಅದಕ್ಕೆ ತಕ್ಕ ದಾಖಲೆ ಬೇಕಾಗುತ್ತದೆ. ಮನೆಸಾಮಾನು ಎಂದು ಬರೆಸಿ ಕಂಟೇನರಿಗೆ ಹಾಕಿಬಿಡಿ ಎಂದು ಸಾಗಾಟದವರು ಸಲಹೆ ಕೊಟ್ಟಾರು. ಬಂದರಿನಲ್ಲಿ ಸಿಕ್ಕಿಬಿದ್ದರೆ ಉತ್ತರ ಕೊಡಬೇಕಾದವರು ಅವರಲ್ಲ.

ಮಲೆನಾಡ ಮನೆ:
ಎಲ್ಲರಿಗೂ ಕೃತಜ್ಞತೆಗಳು. ತಮ್ಮನಿಗೆ ವಿಷಯ ತಿಳಿಸಿದ್ದೇನೆ. ರಜೆಗೆ ಬಂದಾಗ ನೋಡಿಕೊಳ್ಳಲಿ ಎಂದು ಸದ್ಯಕ್ಕೆ ಮೇಜನ್ನು ಮನೆಯಲ್ಲೇ ಇಟ್ಟುಕೊಳ್ಳುವುದು ಎಂದಾಗಿದೆ. ಹಾಗಿದ್ದ ಮೇಲೆ ಮಾಸಿದ ಪಾಲಿಶ್ ಅನ್ನು ಯಂತ್ರದಲ್ಲಿ ತಿಕ್ಕಿಸಿ ಹೊಸ ಬಗೆಯ ಮೆಲಮೈನ್ ಪಾಲಿಶ್ ಮಾಡಿಸಬಹುದೇ? ಆಚಾರಿಯವರು ಹೊಸದರಂತೆ ಹೊಳೆಯುತ್ತದೆ ಎನ್ನುತ್ತಾರೆ.

ಮಟ್ಟಾಂಚೇರಿ ವರ್ತಕ:
ನನ್ನ ಗಿರಾಕಿಗಳಲ್ಲಿ ಅರ್ಧ ಜನ ಹೊಳಪನ್ನೇ ಕೇಳುತ್ತಾರೆ, ಅದು ನಿಜ. ಆದರೂ ಮಾರುವುದಿಲ್ಲ ಎಂದ ಮೇಲೆ ಆ ಖರ್ಚು ಯಾಕೆ?

ಉಳಿ ಮತ್ತು ಹತ್ತರಿ:
ಯಂತ್ರ ಬೇಡವೇ ಬೇಡ. ಶತಮಾನದ ಬಿಸಿಲು, ಕೈ, ಎಣ್ಣೆಗಳಿಂದ ಬಂದ ಮೇಲ್ಮೈಯ ಬಣ್ಣ ಒಮ್ಮೆ ತಿಕ್ಕಿ ಹೋದರೆ ಯಾವ ಪಾಲಿಶ್ ಕೂಡ ಅದನ್ನು ತಿರುಗಿ ತರುವುದಿಲ್ಲ. ಹಿಡಿಗಳ ಸುತ್ತಲಿನ ನೆರಳಿನ ಗುರುತು, ಅಂದರೆ ಹಿಡಿ ಮೂಲದ್ದೇ ಎಂಬುದಕ್ಕೆ ಇರುವ ಸಾಕ್ಷಿಯೂ ಅದರ ಜೊತೆಗೇ ಹೋಗುತ್ತದೆ. ಕಣ್ಣಿಗೆ ಬೀಳದ ಒಂದು ಮೂಲೆಯಲ್ಲಿ ಸ್ಪಿರಿಟ್ ಅದ್ದಿದ ಹತ್ತಿಯನ್ನು ಒತ್ತಿ ನೋಡಿ. ಲೇಪ ಅಂಟಂಟಾಗಿ ಬಿಟ್ಟುಬಂದರೆ ಅದು ಅರಗಿನ ಫ್ರೆಂಚ್ ಪಾಲಿಶ್. ಹಾಗಿದ್ದರೆ ಇರುವ ಪದರವನ್ನು ತೆಗೆಯದೆ, ಧೂಳನ್ನು ಒರೆಸಿ ಅದರ ಮೇಲೆಯೇ ಅರಗಿನ ಪಾಲಿಶ್ ಅನ್ನು ತೆಳ್ಳಗೆ ಎರಡು ಮೂರು ಸಲ ಬಟ್ಟೆಯ ಉಂಡೆಯಲ್ಲಿ ಎಳೆಯಬಹುದು. ಮಳೆ ಬಿಟ್ಟು ಗಾಳಿ ಒಣಗಿದ ಮೇಲೆ ಮಾಡಿಸಿ, ತೇವದಲ್ಲಿ ಮಾಡಿದರೆ ಬಿಳಿ ಮಂಜು ಕೂರುತ್ತದೆ. ಕನ್ನಡಿಯ ಎಡಗೊಂಡಿಯ ಸ್ಟಾರ್ ಸ್ಕ್ರೂಗಳನ್ನು ಮಾತ್ರ ಈಗಲೇ ತೆಗೆಸಿ, ಬಲಗಡೆ ಇರುವ ಅಳತೆಯದೇ ನೇರ ಸೀಳಿನ ಹಿತ್ತಾಳೆ ಸ್ಕ್ರೂ ಹಾಕಿಸಿ. ಎರಡು ಬದಿಯ ಹಿಡಿತ ಸಮವಾಗಿಲ್ಲದಿದ್ದರೆ ಅಷ್ಟು ಭಾರದ ಗಾಜನ್ನು ವಾಲಿಸುವಾಗ ಕಂಬವೇ ಸೀಳಬಹುದು.